ಕುಷ್ಠರೋಗದ ಮಾತ್ರೆ ಮತ್ತು ಕೆಂಪೇರುವ ಮಚ್ಚೆ: ಸತ್ಯಾಂಶ

“ಕುಷ್ಠರೋಗದ ಮಾತ್ರೆ ಆರಂಭಿಸಿದ ಮೇಲೆ ಮಚ್ಚೆಗಳು ಕೆಂಪಾಗಿ ಊದಿಕೊಂಡರೆ ಔಷಧವೇ ರೋಗವನ್ನು ಹೆಚ್ಚಿಸುತ್ತಿದೆ ಎಂದರ್ಥ, ಕೂಡಲೇ ನಿಲ್ಲಿಸಿ” ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪಾದುದು. ಅದನ್ನು ನಂಬಿದವರ ಕೈಕಾಲುಗಳಿಗೆ ಅಪಾಯಕಾರಿಯೂ ಹೌದು.

1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಗುರುತಿಸಿದ ಕುಷ್ಠರೋಗದ ಬ್ಯಾಕ್ಟೀರಿಯಾ ಚರ್ಮದಲ್ಲಿಯೂ ನರಗಳಲ್ಲಿಯೂ ಬಹಳ ನಿಧಾನವಾಗಿ ಬೆಳೆಯುತ್ತದೆ. ಅದರ ವಿರುದ್ಧ ನಮ್ಮದೇ ರೋಗನಿರೋಧಕ ವ್ಯವಸ್ಥೆ ಒಮ್ಮೆಲೇ ಕೆರಳಿದಾಗ ಟಿಎನ್‌ಎಫ್, ಇಂಟರ್‌ಫೆರಾನ್ ಗಾಮಾ ಮೊದಲಾದ ಉರಿಯೂತದ ಪ್ರೋಟೀನುಗಳು ಹೆಚ್ಚಾಗಿ ಬಿಡುಗಡೆಯಾಗಿ, ರಕ್ಷಣಾ ಕೋಶಗಳನ್ನು ಆ ಜಾಗಕ್ಕೆ ಸೆಳೆಯುವುದರಿಂದ ಮಚ್ಚೆ ಕೆಂಪೇರುತ್ತದೆ, ನರ ಬಾತು ನೋಯುತ್ತದೆ. ಇದನ್ನು ವೈದ್ಯರು ಲೆಪ್ರಾ ರಿಯಾಕ್ಷನ್ ಎನ್ನುತ್ತಾರೆ. ಇದು ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಡುವೆ ಅಥವಾ ಅದು ಮುಗಿದ ಮೇಲೂ ಬರಬಹುದು. ಸತ್ತ ಬ್ಯಾಕ್ಟೀರಿಯಾದ ಚೂರುಗಳು ಸಹ ಇದನ್ನು ಕೆರಳಿಸಬಲ್ಲವು. ಇನ್ನೊಂದು ಬಗೆಯಲ್ಲಿ ಜ್ವರದೊಂದಿಗೆ ಚರ್ಮದಡಿ ನೋವಿನ ಗಂಟುಗಳು ಏಳುತ್ತವೆ.

ಮುಖ್ಯವಾದ ಮಾತೆಂದರೆ, ಊದಿಕೊಂಡ ನರವನ್ನು ಹಾಗೆಯೇ ಬಿಟ್ಟರೆ ಸ್ಪರ್ಶಜ್ಞಾನ ಹೋಗಿ ಬೆರಳುಗಳು ಮಡಚಿಕೊಳ್ಳಬಹುದು. ಆದ್ದರಿಂದ ಬಹುಔಷಧ ಚಿಕಿತ್ಸೆಯನ್ನು, ಅಂದರೆ ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳು ಉಚಿತವಾಗಿ ದೊರೆಯುವ ಮಾತ್ರೆಗಳನ್ನು, ಮುಂದುವರಿಸಿಕೊಂಡೇ ತಡಮಾಡದೆ ವೈದ್ಯರನ್ನು ಕಾಣಬೇಕು. ಉರಿಯೂತ ತಗ್ಗಿಸಲು ಅವರು ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಕೊಡುತ್ತಾರೆ. ಬೇಗ ಆರಂಭಿಸಿದರೆ ನರದ ಶಕ್ತಿ ಬಹಳಷ್ಟು ಮಟ್ಟಿಗೆ ಮರಳುವ ಸಾಧ್ಯತೆಯಿದೆ. ಆದರೆ ಇದು ಸ್ಟೀರಾಯ್ಡ್ ಆದುದರಿಂದ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು, ಹಠಾತ್ತಾಗಿ ನಿಲ್ಲಿಸಲೂಬಾರದು.

ಬಹುಔಷಧ ಚಿಕಿತ್ಸೆಯ ಮಾತ್ರೆಗಳಲ್ಲೊಂದಾದ ಕ್ಲೋಫಾಜಿಮಿನ್‌ನಿಂದ ಚರ್ಮ ಕಪ್ಪಾಗುವುದು ಬೇರೆಯೇ ಸಂಗತಿ; ಔಷಧ ಮುಗಿದ ನಂತರ ಅದು ನಿಧಾನವಾಗಿ ಮಾಯುತ್ತದೆ.