ರಿಬ್ಬನ್ ಕತ್ತರಿಸಿದ ಕತ್ತರಿನಾದ್ರೂ ಒಳಗ ಬಿಡ್ರಿ

ಉದ್ಘಾಟನೆಯ ಫೋಟೊ ನೀವೂ ನೋಡಿದ್ದೀರಿ. ನಮ್ಮ ಕೊಪ್ಪಳ–ರಾಯಚೂರು ಕಡೆಯ ಮತ್ತೊಂದು ಹೈಸ್ಕೂಲು, ಮತ್ತೊಂದು ಟಿಂಕರಿಂಗ್ ಲ್ಯಾಬು, ಅಂದರೆ ಮಕ್ಕಳು ಸಾಮಾನು ಬಿಚ್ಚಿ, ಕೂಡಿಸಿ ನೋಡುವ ಕೋಣೆ. ಒಂದೇ ಕತ್ತರಿಗೆ ಹನ್ನೊಂದು ಕೈ. ಹಿಂದೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ತ್ರೀಡಿ ಪ್ರಿಂಟರು, ಅದರ ಹಿಂದೆ ತಲೆ ಮಾತ್ರ ಕಾಣುವ ನಾಲ್ಕು ಮಕ್ಕಳು. ‘ಕೈಯಿಂದ ಮಾಡಿ ಕಲಿ’ ಅನ್ನುವ ಆ ಕೋಣೆಯಲ್ಲಿ ಅವತ್ತು ಕೈಯಿಂದ ಆದ ಕೆಲಸ ರಿಬ್ಬನ್ ಕತ್ತರಿಸಿದ್ದೊಂದೇ. ಆಮೇಲೆ ಕತ್ತರಿ ಶಾಮಿಯಾನದವರ ಜೊತೆ ಹೋಯಿತು, ಬಾಗಿಲಿಗೆ ಕೀಲಿ ಬಿತ್ತು.

ಸರ್ಕಾರ ಕೈ ಬಿಗಿ ಹಿಡಿಯಿತು ಅನ್ನುವ ಹಾಗಿಲ್ಲ. 2016ರಲ್ಲಿ ನೀತಿ ಆಯೋಗ ಅಟಲ್ ಇನ್ನೋವೇಷನ್ ಮಿಷನ್ ಶುರು ಮಾಡಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ಇಟ್ಟಿತು: 10 ಲಕ್ಷ ಲ್ಯಾಬು ಕಟ್ಟಲಿಕ್ಕೆ, 10 ಲಕ್ಷ ಐದು ವರ್ಷ ನಡೆಸಲಿಕ್ಕೆ. ದೇಶದಲ್ಲಿ 10 ಸಾವಿರ ಲ್ಯಾಬು ದಾಟಿತು. 2025ರ ಬಜೆಟ್ಟಿನಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50 ಸಾವಿರ ಅಂತ ಘೋಷಣೆಯೂ ಆಯಿತು. ಕೀಲಿ ವ್ಯಾಪಾರಿಗಳಿಗೆ ಒಳ್ಳೆ ಕಾಲ.

ಕೀಲಿ ಯಾಕೆ ಅಂತ ಕೇಳಿದರೆ ಎಲ್ಲ ಊರಿನಲ್ಲೂ ಒಂದೇ ಉತ್ತರ: “ಸಾಮಾನು ಹಾಳಾದ್ರ ಆಡಿಟ್‌ನ್ಯಾಗ ಯಾರ್ರೀ ಉತ್ತರ ಕೊಡಾವ್ರು?” ನಗಬೇಡಿ, ಅವರ ಭಯ ಸುಳ್ಳಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ‘ಎಲ್‌ಇಡಿ ಕೆಂಪು – 100’ ಅಂತ ಬರೆದ ಮೇಲೆ 100 ಇರಲೇಬೇಕು. ಆದರೆ ಎಲ್‌ಇಡಿ ಇರುವುದೇ ಸುಡಲಿಕ್ಕೆ. ಮಕ್ಕಳು ಪ್ರೋಗ್ರಾಮ್ ಬರೆದು ಆಡಿಸುವ ಆರ್ಡಿನೋ ಬೋರ್ಡಿನ ಪಿನ್ನು ಕೊಡುವುದು 5 ವೋಲ್ಟು. ಕೆಂಪು ಎಲ್‌ಇಡಿ ತಿನ್ನುವುದು ಸುಮಾರು 2. ಮಿಕ್ಕ 3 ವೋಲ್ಟಿಗೆ 220 ಓಮಿನ ರೆಸಿಸ್ಟರು ಅಡ್ಡ ಹಾಕಿದರೆ 13–14 ಮಿಲಿ ಆಂಪಿಯರು ಹರಿದು ದೀಪ ತಣ್ಣಗೆ ಉರಿಯುತ್ತದೆ. ಹಾಕದೆ ಬಿಟ್ಟರೆ ದೀಪ ಹೋಗುತ್ತದೆ, 40 ಮಿಲಿ ಆಂಪಿಯರು ದಾಟಿದರೆ ಪಿನ್ನೂ ಹೋಗುತ್ತದೆ. ಹತ್ತನೇ ತರಗತಿಯ ಓಮ್‌ನ ನಿಯಮ ಕರಿಹಲಗೆಯ ಮೇಲೆ ಹತ್ತು ಸಲ ಬರೆದರೂ ಹತ್ತದ್ದು ಒಂದೆರಡು ರೂಪಾಯಿಯ ದೀಪ ಸುಟ್ಟಾಗ ತಲೆಗೆ ಹತ್ತುತ್ತದೆ. ನಮ್ಮ ರಿಜಿಸ್ಟರಿನಲ್ಲಿ ‘ಕಲಿಯುವಾಗ ಸುಟ್ಟದ್ದು’ ಅನ್ನುವ ಕಾಲಮ್ಮೇ ಇಲ್ಲ.

ಮುಟ್ಟದೆ ಇಟ್ಟರೆ ಉಳಿಯುತ್ತದೆ ಅನ್ನುವುದಾದರೂ ನಿಜವೇ? 9 ವೋಲ್ಟಿನ ಬ್ಯಾಟರಿ ಡಬ್ಬಿಯಲ್ಲೇ ಸೋರಿ ಕ್ಲಿಪ್ಪಿಗೆ ಬಿಳಿ ಹರಳು ಕಟ್ಟುತ್ತದೆ. ಲಿಥಿಯಂ ಸೆಲ್ಲು ತಾನೇ ಇಳಿದು ಇಳಿದು ಆಮೇಲೆ ಚಾರ್ಜ್ ತಗೊಳ್ಳುವುದಿಲ್ಲ. ಪ್ರಿಂಟರು ಕರಗಿಸಿ ಅಚ್ಚು ಹಾಕುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ತಂತಿಯ ಪೊಟ್ಟಣ ಉದ್ಘಾಟನೆಗೆಂದು ಹರಿದು ಹಾಗೇ ಬಿಟ್ಟರೆ, ತಂತಿ ಮಳೆಗಾಲದ ತೇವ ಹೀರಿ ಹಪ್ಪಳದ ಹಾಗೆ ಮುರಿಯುತ್ತದೆ.

ಕೀಲಿ ತೆಗೆದರೂ ಪ್ರಿಂಟರಿಗೆ ನಮ್ಮೂರು ಸುಲಭವಲ್ಲ. ಸಾಮಾನು ಕೂರುವ ತಟ್ಟೆ, ಅಂದರೆ ಬೆಡ್ಡು, 60 ಡಿಗ್ರಿ ಕಾಯಬೇಕು; ಕರಗಿದ ತಂತಿ ಸುರಿಸುವ ಮೂತಿ, ಅಂದರೆ ನಾಜಲ್ಲು, 200–210. ನಾಜಲ್ಲಿಗೂ ಬೆಡ್ಡಿಗೂ ನಡುವೆ ಒಂದು ಎ4 ಹಾಳೆ ಬಿಗಿಯಾಗಿ ಜಾರುವಷ್ಟು ಸಂದು ಇರಬೇಕು, ಇಲ್ಲದಿದ್ದರೆ ಮೊದಲ ಪದರವೇ ಅಂಟುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಕೋಣೆಯೇ 42 ಡಿಗ್ರಿ ಕಾದಾಗ ತಂತಿ ನಾಜಲ್ಲು ಮುಟ್ಟುವ ಮೊದಲೇ ಮೆತ್ತಗಾಗಿ ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ಬೆಳಗಿನ ಪಾಳಿಯಲ್ಲೇ ಮುಗಿಸಬೇಕು. ಆರು ತಾಸಿನ ಗೊಂಬೆ ಐದನೇ ತಾಸಿಗೆ ಬಂದಾಗ ಕರೆಂಟು ಹೋದರೆ ಬೆಡ್ಡು ತಣ್ಣಗಾಗಿ ಗೊಂಬೆ ಕಿತ್ತು ಬರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುವ 1,720 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ, ಆಚೆ ಯರಮರಸ್, ಈಚೆ ಕುಡತಿನಿ. ಬೂದಿ ನಮಗೆ, ಬೆಳಕು ಬೆಂಗಳೂರಿಗೆ. ಒಂದು ಯುಪಿಎಸ್ ಕೊಟ್ಟಿದ್ದರೆ ಸಾಕಿತ್ತು. ಅದೂ ಇದೆಯಂತೆ, ಹೆಡ್‌ಮಾಸ್ತರರ ಕಂಪ್ಯೂಟರಿಗೆ.

ಹಾಗೆ ನೋಡಿದರೆ ಈ ಭಾಗದ ನಿಜವಾದ ಟಿಂಕರಿಂಗ್ ಲ್ಯಾಬು ಶಾಲೆಯ ಗೇಟಿನಾಚೆಯೇ ಇದೆ: ಮೋಟರ್ ವೈಂಡಿಂಗ್ ಅಂಗಡಿ. ಗಂಗಾವತಿ, ಸಿಂಧನೂರು ಕಡೆ ವೋಲ್ಟೇಜು ಬಿದ್ದ ದಿನ ಅಲ್ಲಿ ಜಾತ್ರೆ. ವೋಲ್ಟೇಜು ಇಳಿದರೂ ಪಂಪು ಎತ್ತುವ ನೀರು ಅಷ್ಟೇ, ಹಾಗಾಗಿ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಒಂದೂವರೆ ಪಟ್ಟಾದರೆ ತಂತಿಯ ಕಾವು ಎರಡೂಕಾಲು ಪಟ್ಟು, ವಾರ್ನಿಷು ಕರಗಿ ಸುತ್ತಿಗೆ ಸುತ್ತು ಕೂಡಿ ಹೊಗೆ. ಎಂಟನೇ ತರಗತಿಗೆ ಶಾಲೆ ಬಿಟ್ಟ ಹುಡುಗ ಸುಟ್ಟ ಕಾಯಿಲಿನ ಸುತ್ತು ಎಣಿಸಿ, ತಂತಿಯ ದಪ್ಪ, ಅಂದರೆ ಗೇಜು, ನೋಡಿ, ಅಷ್ಟೇ ಸುತ್ತು ಹಾಕುತ್ತಾನೆ. ಕೊಪ್ಪಳದ ಮಗ್ಗುಲಿಗೇ ಕಿನ್ನಾಳದಲ್ಲಿ ಹುಣಸೆ ಬೀಜದ ಅಂಟಿನಿಂದ ಕಟ್ಟಿಗೆ ಗೊಂಬೆಯ ಕೈಕಾಲು ಕೂಡಿಸುವವರಿದ್ದಾರೆ. ಇವರನ್ನು ವಾರಕ್ಕೊಂದು ತಾಸು ಲ್ಯಾಬಿಗೆ ಕರೆಯಬಹುದಲ್ಲ ಅಂದರೆ, ಅವರಿಗೆ ಬಿ.ಇಡಿ. ಆಗಿಲ್ಲ.

ಪಾಠಕ್ಕೆ ಬರವೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್‌ಗೇಟು, ಅಂದರೆ ನೀರು ಬಿಡುವ ಬಾಗಿಲು, ಚೈನು ಹರಿದು ಕೊಚ್ಚಿಹೋಯಿತು. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ನೀರು ತುದಿಯವರೆಗೆ ನಿಂತರೆ ಅದರ ಮೇಲೆ ಬೀಳುವ ಒತ್ತು ಸುಮಾರು 340 ಟನ್: ಎತ್ತರ 6.1 ಮೀಟರಿನ ವರ್ಗ, ಅದರ ಅರ್ಧ, ಗುಣಿಸು ಅಗಲ 18.3. ಇದನ್ನೇ ಲ್ಯಾಬಿನಲ್ಲಿ ಮಾಡಿ ನೋಡಲಿಕ್ಕೆ ಇಷ್ಟು ಸಾಕು: ಹಳೆ ಸೈಕಲ್ ಚೈನು, ಒಂದು ತಗಡು, ಸ್ಪ್ರಿಂಗ್ ತಕ್ಕಡಿ, ಪಕ್ಕಕ್ಕೆ ಉಪ್ಪುನೀರಿನಲ್ಲಿ ತಿಂಗಳು ನೆನೆದ ಇನ್ನೊಂದು ಚೈನು. ಗಣಿತ, ಭೌತಶಾಸ್ತ್ರ, ತುಕ್ಕಿನ ರಸಾಯನ, ಬೆಳೆಯ ನೀರಿನ ಸಮಾಜ ಪಾಠ, ಎಲ್ಲ ಒಂದೇ ಮೇಜಿನ ಮೇಲೆ. ವಿಜ್ಞಾನ ಮೇಳಕ್ಕೆ ಬಂದದ್ದು ಮಾತ್ರ ಅಂಗಡಿಯಲ್ಲಿ ಕೊಂಡ ಥರ್ಮಾಕೋಲು ಡ್ಯಾಮು, ಅಡಿಗೆ ಸೋಡಾದ ಜ್ವಾಲಾಮುಖಿ. ಕೊಪ್ಪಳಕ್ಕೂ ಜ್ವಾಲಾಮುಖಿಗೂ ಏನು ನೆಂಟಸ್ತನವೋ.

ಇನ್ನೊಂದು ಪ್ರಯೋಗಕ್ಕೆ ಲಕ್ಷಗಳೂ ಬೇಡ. ಕಬ್ಬಿಣ-ಉಕ್ಕಿನ ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯ ಮಾಳಿಗೆ ಮೇಲೆ ವ್ಯಾಸಲೀನು ಸವರಿದ ಬಿಳಿ ರಟ್ಟು 24 ತಾಸು ಇಡಿ. ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಕಪ್ಪು ಚುಕ್ಕಿ, ಭೂತಗನ್ನಡಿಯಲ್ಲಿ ಎಣಿಸಿ. ಪಕ್ಕದಲ್ಲಿಟ್ಟ ಒಣ ತಟ್ಟೆಯ ದೂಳಿನ ಮೇಲೆ ಕಾಗದ ಸುತ್ತಿದ ಅಯಸ್ಕಾಂತ ಆಡಿಸಿ, ಅಂಟುತ್ತದೋ ಇಲ್ಲವೋ ನೋಡಿ. ಇದನ್ನು ಮಾಡಿಸಲಿಕ್ಕೆ ಯಾರೂ ಮುಂದೆ ಬರುವುದಿಲ್ಲ. ಯಾಕೆಂದು ನಿಮಗೂ ಗೊತ್ತು.

ಮಾಸ್ತರರನ್ನು ಬಯ್ದು ಏನೂ ಬರುವುದಿಲ್ಲ. ವಿಜ್ಞಾನ ಅವರದೇ, ಗಣಿತ ಖಾಲಿ ಇರುವುದರಿಂದ ಅದೂ ಅವರದೇ, ಮೊಟ್ಟೆ ಲೆಕ್ಕ, ಮತದಾರರ ಪಟ್ಟಿ, ಅದರ ಮೇಲೆ ಲ್ಯಾಬ್ ಇನ್‌ಚಾರ್ಜ್ ಅನ್ನುವ ಬಿರುದು. ಪ್ರಿಂಟರು ಕೊಂಡವರಿಗೆ ಅದರ ಪಕ್ಕ ನಿಲ್ಲುವ ಒಬ್ಬ ಮನುಷ್ಯನನ್ನು ಕೊಡುವುದು ಹೊಳೆಯಲೇ ಇಲ್ಲ. ಅತಿಥಿ ಶಿಕ್ಷಕನ ಸಂಬಳ ತಿಂಗಳುಗಟ್ಟಲೆ ತಡ ಮಾಡುವ ವ್ಯವಸ್ಥೆಗೆ ರಿಬ್ಬನ್ನು ಮಾತ್ರ ಒಂದು ದಿನವೂ ತಡವಾಗುವುದಿಲ್ಲ. ಸಾಕಾಗಿದೆ.

ವರ್ಷದ ಕೊನೆಗೆ ಆಡಿಟ್‌ನವರು ಬರುತ್ತಾರೆ. ಕೀಲಿಕೈ ಹುಡುಕಿ, ಬಾಗಿಲು ತೆಗೆದು, ಬಾಗಿಲಲ್ಲೇ ನಿಂತು ಸೀನಿ, ಮಂಡಾಳು ಒಗ್ಗರಣಿ, ಮಿರ್ಚಿ ತಿಂದು ಷರಾ ಬರೆಯುತ್ತಾರೆ: ಎಲ್‌ಇಡಿ ಕೆಂಪು, ಬಂದದ್ದು 100, ಉಳಿದದ್ದು 100, ಎಲ್ಲ ಸುಸ್ಥಿತಿ.