‘ಸಾಕು’ ಎನ್ನಲು ಬೇಕಾದ ನಂಬಿಕೆ

ಕಳೆದ ತಿಂಗಳು ಒಂದು ಹಳೆಯ ಫೈಲನ್ನು ಬಿಚ್ಚಿಕೊಂಡು ನೆಲದ ಮೇಲೆ ಕುಳಿತಿದ್ದೆ. ಮನೆಗೆ ತಂದ ಒಂದೊಂದು ವಸ್ತುವಿನ ರಸೀದಿ, ವಾರಂಟಿ ಕಾರ್ಡು, ರಿಪೇರಿಯ ಚೀಟಿ ಎಲ್ಲವೂ ಅದರಲ್ಲಿದ್ದವು. ಆ ವಸ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಗ ಮನೆಯಲ್ಲಿಲ್ಲ. ಆದರೂ ಒಂದೊಂದು ಕಾಗದವನ್ನು ಕೈಗೆತ್ತಿಕೊಂಡಾಗಲೂ, ಅದನ್ನು ಕೊಳ್ಳುವ ಮುಂಚೆ ಹತ್ತು ಕಡೆ ವಿಚಾರಿಸಿದ್ದು, ಕೊಂಡ ಮೇಲೆ ಬೇರೆಯದೇ ಚೆನ್ನಾಗಿತ್ತೇನೋ ಎಂದು ಕೊರಗಿದ್ದು, ಕೆಟ್ಟಾಗ ಅದರ ಹಿಂದೆ ಅಲೆದದ್ದು ನೆನಪಾಗುತ್ತಿತ್ತು. ಅವುಗಳ ನಡುವೆ ನನ್ನದೇ ಕೈಬರಹದ ಒಂದು ಚೀಟಿ ಸಿಕ್ಕಿತು: ‘ಭಾನುವಾರ ಮೇಷ್ಟ್ರನ್ನು ನೋಡಿ ಬರಬೇಕು.’ ಅದು ಯಾವ ಭಾನುವಾರವೋ ನೆನಪಿಗೆ ಬರಲಿಲ್ಲ. ಹೋಗಿರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮುಖ್ಯವಾದದ್ದು ಯಾವುದೆಂದು ನನಗೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಅದನ್ನು ಬರೆದಿಟ್ಟುಕೊಂಡವನು ನಾನೇ. ದುಶ್ಚಟಗಳಲ್ಲಿ ಕಾಲ ಕಳೆದವನೂ ಅಲ್ಲ. ಸಣ್ಣ ಸಣ್ಣ, ನಿರಪಾಯವಾದ, ನೋಡಿದವರು ತಪ್ಪೆನ್ನದ ಕೆಲಸಗಳೇ ನನ್ನ ದಿನಗಳನ್ನು ತಿಂದುಹಾಕಿದ್ದವು. ‘ಬಿಡುವಿಲ್ಲ’ ಎಂದು ಎಲ್ಲರಂತೆ ನಾನೂ ಹೇಳುತ್ತಿದ್ದೆ. ಕೂತು ಯೋಚಿಸಿದಾಗ, ಯಾವುದೇ ವಿಷಯದಲ್ಲಿ ‘ಸಾಕು’ ಎಂದು ಹೇಳುವ ಧೈರ್ಯ ನನಗಿರಲಿಲ್ಲವೆಂಬುದು ಗೊತ್ತಾಯಿತು. ಆ ಧೈರ್ಯ ಇಲ್ಲದಿರುವುದಕ್ಕೆ ಕಾರಣ ಆಸೆಗಿಂತ ಹೆಚ್ಚಾಗಿ ನಾಳೆಯ ಭಯ ಎಂಬುದು ನನ್ನ ಈಗಿನ ತಿಳಿವಳಿಕೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡಿಕೊಂಡಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳೆಂಬ ಕಥೆ ನಮಗೆಲ್ಲ ಗೊತ್ತು. ಇದನ್ನು ಬಹಳ ಕಾಲ ನಾನು ಕಟ್ಟುನಿಟ್ಟಿನ ವ್ರತದ ಕಥೆಯೆಂದೇ ಓದಿಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನಾಳೆಯೂ ಕಾಯಕವಿದೆ, ನಾಳೆಯನ್ನು ನಡೆಸುವವನೊಬ್ಬನಿದ್ದಾನೆ ಎಂಬ ನಂಬಿಕೆ ಆಕೆಯ ಮನೆಯಲ್ಲಿ ದಿನವೂ ಉಸಿರಾಡುತ್ತಿತ್ತು. ಹೆಚ್ಚುವರಿ ಅಕ್ಕಿಯ ಜೊತೆಗೆ ಒಳಗೆ ಬರಲಿದ್ದ ಅಪನಂಬಿಕೆಯನ್ನು ಆಕೆ ಹೊಸ್ತಿಲಲ್ಲೇ ತಡೆದಳು.

ಬೈಬಲ್ಲಿನ ವಿಮೋಚನಕಾಂಡದಲ್ಲಿ ಬರುವ ‘ಮನ್ನ’ದ ಪ್ರಸಂಗವೂ ಇಂಥದ್ದೇ. ಮರುಭೂಮಿಯಲ್ಲಿ ಬೆಳಗಾದರೆ ಸಿಗುತ್ತಿದ್ದ ಆ ಆಹಾರವನ್ನು ಇಸ್ರಾಯೇಲ್ಯರು ತಲೆಗೆ ಒಂದು ಓಮೆರ್ ಎಂಬ ಅಳತೆಯಂತೆ ಅಂದಂದಿಗೆ ಕೂಡಿಸಿಕೊಳ್ಳಬೇಕಿತ್ತು. ಮಾತು ಮೀರಿ ಉಳಿಸಿಕೊಂಡದ್ದು ಬೆಳಗಾಗುವಷ್ಟರಲ್ಲಿ ಹುಳುಬಿದ್ದು ನಾರಿತು. ಆದರೆ ವಿಶ್ರಾಂತಿಯ ದಿನಕ್ಕಾಗಿ ಹಿಂದಿನ ದಿನ ಎರಡರಷ್ಟು ತಂದಿಟ್ಟದ್ದು ಕೆಡಲಿಲ್ಲ. ಈ ಎರಡನೆಯ ಮಾತನ್ನು ನಾವು ಮರೆಯಬಾರದು. ಕೂಡಿಡುವುದೇ ಪಾಪವೆಂದು ಆ ಕಥೆ ಹೇಳುತ್ತಿಲ್ಲ. ಭಯದಿಂದ ಕೂಡಿಟ್ಟದ್ದು ಕೊಳೆಯಿತು, ಒಂದು ಪವಿತ್ರ ಉದ್ದೇಶಕ್ಕೆಂದು ಕೂಡಿಟ್ಟದ್ದು ಉಳಿಯಿತು.

ಸರಳತೆ ಎಂಬುದು ಏತಕ್ಕಾಗಿ ಎಂಬ ಪ್ರಶ್ನೆಗೆ ನನಗೆ ತೃಪ್ತಿಯಾದ ಉತ್ತರ ಸಿಕ್ಕಿದ್ದು ಜಾನ್ ವುಲ್ಮನ್ ಎಂಬಾತನ ಬದುಕಿನಲ್ಲಿ. 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಈತ ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಹರೆಯದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಯಜಮಾನನು ಒಬ್ಬ ಗುಲಾಮ ಹೆಂಗಸನ್ನು ಮಾರಿ, ಕ್ರಯಪತ್ರವನ್ನು ಬರೆಯಲು ಈತನಿಗೆ ಹೇಳಿದ. ವುಲ್ಮನ್ ಬರೆದುಕೊಟ್ಟ, ಆದರೆ ಆ ಬರಹ ಅವನನ್ನು ಜೀವನವಿಡೀ ಚುಚ್ಚಿತು. ಮುಂದೆ ಆತನೇ ಅಂಗಡಿ ಇಟ್ಟ. ವ್ಯಾಪಾರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಹಾಗೆ ಬೆಳೆಯುತ್ತಿರುವುದೇ ತನಗೆ ಭಾರವಾಗುತ್ತಿದೆ, ಮನಸ್ಸು ಲೆಕ್ಕಪತ್ರಗಳಲ್ಲಿ ಸಿಕ್ಕಿಬೀಳುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತು. 1756ರ ಹೊತ್ತಿಗೆ, ಗಿರಾಕಿಗಳಿಗೆ ಮೊದಲೇ ತಿಳಿಸಿ, ಬೇರೆ ಅಂಗಡಿ ನೋಡಿಕೊಳ್ಳಲು ಅವರಿಗೆ ಕಾಲಾವಕಾಶ ಕೊಟ್ಟು, ನಡೆಯುತ್ತಿದ್ದ ವ್ಯಾಪಾರವನ್ನು ತಾನಾಗಿಯೇ ಕೈಬಿಟ್ಟ. ದರ್ಜಿ ಕೆಲಸ ಮತ್ತು ಒಂದು ಹಣ್ಣಿನ ತೋಟ, ಇಷ್ಟನ್ನು ಇಟ್ಟುಕೊಂಡ.

ಉಳಿದ ಸಮಯದಲ್ಲಿ ಆತ ಮಾಡಿದ್ದನ್ನು ನೋಡಿ. ಊರಿಂದೂರಿಗೆ ಹೋಗಿ, ಗುಲಾಮರನ್ನು ಇಟ್ಟುಕೊಂಡಿದ್ದ ತನ್ನದೇ ಪಂಥದವರ ಮನೆಗಳಲ್ಲಿ ಕುಳಿತು, ದನಿ ಏರಿಸದೆ, ಅವಮಾನಿಸದೆ, ಇದು ದೇವರಿಗೆ ಒಪ್ಪುವುದೇ ಎಂದು ಕೇಳುತ್ತ ಹೋದ. ಗುಲಾಮರ ದುಡಿಮೆಯಿಂದ ಬಂದದ್ದೆಂದು ಸಕ್ಕರೆ ಬಿಟ್ಟ, ಬಣ್ಣ ಹಾಕದ ಬಟ್ಟೆ ತೊಟ್ಟ. 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡ. ನಾಲ್ಕು ವರ್ಷಗಳ ನಂತರ, 1776ರಲ್ಲಿ, ಫಿಲಡೆಲ್ಫಿಯಾದ ಕ್ವೇಕರ್ ವಾರ್ಷಿಕ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಅದು ಅವನೊಬ್ಬನ ಸಾಧನೆಯಲ್ಲ, ಅನೇಕರು ದುಡಿದಿದ್ದರು. ಆದರೆ ಅಂಗಡಿಯನ್ನು ಬೆಳೆಸುತ್ತಲೇ ಕುಳಿತಿದ್ದರೆ ಆತ ಆ ಮನೆಗಳ ಬಾಗಿಲು ತಟ್ಟಲು ಸಾಧ್ಯವಿತ್ತೇ? ನಂಬಿಕೆ ಅವನಿಗೆ ಮಾಡಬೇಕಾದ ಕೆಲಸವನ್ನು ತೋರಿಸಿತು, ಸರಳ ಬದುಕು ಆ ಕೆಲಸಕ್ಕೆ ಬೇಕಾದ ದಿನಗಳನ್ನು ಒದಗಿಸಿತು. ಎರಡರಲ್ಲಿ ಒಂದಿಲ್ಲದಿದ್ದರೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಟ್ಟೆಗಿಲ್ಲದೆ ನರಳುವವರಿಗೆ ಸರಳತೆಯ ಉಪದೇಶ ಮಾಡುವುದು ಕ್ರೌರ್ಯ. ಆಯ್ಕೆಯಿಲ್ಲದ ಬಡತನಕ್ಕೆ ಯಾರೂ ಸರಳ ಜೀವನವೆಂದು ಹೆಸರಿಡಬಾರದು. ಹಾಗೆಯೇ, ಇದ್ದುದನ್ನೆಲ್ಲ ಹೊರಹಾಕಿ, ಖಾಲಿ ಕೋಣೆಯ ಚಿತ್ರ ತೆಗೆದು ಹತ್ತು ಜನರಿಗೆ ತೋರಿಸುವ ಸರಳತೆಯಲ್ಲಿ ನನಗೆ ನಂಬಿಕೆಯಿಲ್ಲ. ಅಲ್ಲಿ ವಸ್ತುವಿನ ಮೇಲಿನ ಗಮನವು ವಸ್ತುವನ್ನು ಬಿಟ್ಟ ತನ್ನ ಮೇಲೆ ತಿರುಗಿರುತ್ತದೆ, ಅಷ್ಟೆ.

ವಸ್ತುಗಳನ್ನು ಕಡಿಮೆ ಮಾಡುವುದಾದರೂ ಸುಲಭ. ಗಮನವನ್ನು ಒಂದೆಡೆ ನಿಲ್ಲಿಸುವುದು ಕಷ್ಟ. ಇದು ಮೊಬೈಲು ತಂದಿಟ್ಟ ಹೊಸ ರೋಗವೆಂದು ನಾನು ತಿಳಿದಿದ್ದೆ. ಆದರೆ ನಾಲ್ಕನೆಯ ಶತಮಾನದಲ್ಲೇ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ, ನಡುಹಗಲಿನಲ್ಲಿ ಪ್ರಾರ್ಥನೆ ಬೇಸರವಾದಾಗ ಸನ್ಯಾಸಿಯೊಬ್ಬ ಏನು ಮಾಡುತ್ತಾನೆಂದು ವರ್ಣಿಸಿದ್ದಾನೆ: ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟು ಸಮಯವಿದೆಯೆಂದು ಸೂರ್ಯನನ್ನು ದಿಟ್ಟಿಸುತ್ತಾನೆ, ಯಾರಾದರೂ ಬರುತ್ತಿರುವರೇ ಎಂದು ಅತ್ತಿತ್ತ ಕಣ್ಣು ಹಾಯಿಸುತ್ತಾನೆ. ಕೈಯಲ್ಲಿ ಏನೂ ಇಲ್ಲದವನ ಪಾಡೇ ಹೀಗಿತ್ತು. ಆ ಸನ್ಯಾಸಿಗಳು ಕಂಡುಕೊಂಡ ಮದ್ದು ಅಲ್ಲಿಯೇ ಕುಳಿತಿರುವುದು, ಪ್ರಾರ್ಥನೆಗೆ ಮರಳುವುದು.

ನಾನು ಅಲಾರಂ ಇಡಲೆಂದು ಬೇರೆ ಗಡಿಯಾರ ತಂದು, ರಾತ್ರಿ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಇಡತೊಡಗಿದೆ. ಮೊದಲ ಕೆಲವು ದಿನ, ಕಣ್ಣು ಬಿಡುವ ಮುಂಚೆಯೇ ಕೈ ತಾನಾಗಿ ಮೇಜಿನತ್ತ ಹೋಗಿ, ಖಾಲಿ ಮರದ ಮೇಲೆ ತಡಕಾಡಿ ಹಿಂದಕ್ಕೆ ಬರುತ್ತಿತ್ತು. ಆ ಕೈಯನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಈಗ ಎದ್ದ ಕೂಡಲೇ ಕಾಲು ಗಂಟೆ ಪ್ರಾರ್ಥನೆಗೆ ಕೂರುತ್ತೇನೆ. ಮನಸ್ಸು ಹತ್ತು ಸಲ ಎದ್ದು ಹೋಗುತ್ತದೆ, ಹತ್ತು ಸಲವೂ ಕರೆತರುತ್ತೇನೆ. ಕೊನೆಯಲ್ಲಿ ‘ಈ ದಿನ ಬಿಡಬಾರದ್ದು ಯಾವುದು?’ ಎಂದು ದೇವರೆದುರು ಕೇಳಿಕೊಳ್ಳುತ್ತೇನೆ. ಉತ್ತರ ಹೆಚ್ಚಾಗಿ ಒಬ್ಬ ಮನುಷ್ಯನ ಹೆಸರಾಗಿರುತ್ತದೆ.

ಚೀಟಿ ಸಿಕ್ಕ ವಾರವೇ ಮೇಷ್ಟ್ರ ಮನೆಗೆ ಹೋದೆ. “ಬಾರಯ್ಯ, ಕೂತ್ಕೋ” ಎಂದರೇ ಹೊರತು ಇಷ್ಟು ವರ್ಷ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಅವರಿಗೆ ಕಣ್ಣು ಮಂಜಾಗಿದೆ. ಓದಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಮೂರು ಭಾನುವಾರಗಳಿಂದ ನಾನು ಓದುತ್ತಿದ್ದೇನೆ. ಹೋದ ವಾರ ನಿಲ್ಲಿಸಿದ ಪುಟ ಯಾವುದೆಂದು ನನಗಿಂತ ಚೆನ್ನಾಗಿ ಅವರಿಗೇ ನೆನಪಿರುತ್ತದೆ.