ಸ್ಟಾಪ್‌ಲಾಗ್ ಸಿನಿಮಾ

ಮುನಿರಾಬಾದಿನ ಆಸುಪಾಸಿನವರಿಗೆ ಸ್ಟಾಪ್‌ಲಾಗ್ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋದಾಗ, ಟೀ ಅಂಗಡಿಯಲ್ಲಿ ಕೂತವರೆಲ್ಲ ವಾರದೊಳಗೆ ಅರ್ಧ ಎಂಜಿನಿಯರಾಗಿದ್ದರು. ಸ್ಟಾಪ್‌ಲಾಗ್ ಹಳೆಯ ಗೇಟಲ್ಲ, ಹೊಸ ಗೇಟೂ ಅಲ್ಲ. ನೀರು ಹರಿಯುತ್ತಿರುವಾಗಲೇ ಅಗಲವಾದ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಉಳಿದ ನೀರನ್ನಾದರೂ ಬೆಳೆಗೆ ಹಿಡಿದಿಡುವ ಹಿಕಮತ್ತು. ಚಂದ ನೋಡುವ ವಸ್ತು ಅಲ್ಲ. ನಿಂತರೆ ಸಾಕು.

ಟೀವಿ ಧಾರಾವಾಹಿಗೂ ಹೀಗೇ ಚೈನ್ ಕಡಿಯುವುದುಂಟು. ಅಮೆರಿಕದ ಷೋಟೈಮ್ ವಾಹಿನಿಯಲ್ಲಿ ಕ್ರೈಂ ಫ್ಯಾಮಿಲಿಯೊಂದರ ಕಥೆ ‘ರೇ ಡೊನೊವನ್’ 2013ರ ಜೂನ್‌ನಲ್ಲಿ ಶುರುವಾಗಿ ಏಳು ಸೀಸನ್, 82 ಕಂತು ಓಡಿತು. 2020ರ ಜನವರಿಯಲ್ಲಿ ಏಳನೆಯದರ ಕಡೆಯ ಕಂತು ಬಂದಾಗ ಎಂಟನೆಯದಕ್ಕೆಂದು ಎಳೆಗಳನ್ನು ಹಾಗೇ ಜೋತುಬಿಟ್ಟಿದ್ದರು. ಫೆಬ್ರವರಿಯಲ್ಲಿ ವಾಹಿನಿ ‘ಎಂಟನೆಯದು ಇಲ್ಲ’ ಅಂದುಬಿಟ್ಟಿತು. ನೋಡುಗರು ಗಲಾಟೆ ಮಾಡಿದರು, ನಾಯಕ ಲೀವ್ ಶ್ರೈಬರ್ ಕೂಡ ದನಿಗೂಡಿಸಿದ. ಕೊನೆಗೆ 2022ರ ಜನವರಿ 14ರಂದು ಕಥೆ ಮುಗಿಸಲೆಂದು ನೂರು ನಿಮಿಷದ ಒಂದು ಸಿನಿಮಾ ಬಂತು, ಚೈನ್ ಕಡಿದ ಕಥೆಗೆ ಇಳಿಸಿದ ಸ್ಟಾಪ್‌ಲಾಗ್. ಡೇವಿಡ್ ಹಾಲಂಡರ್ ನಿರ್ದೇಶನ, ಕಥೆ ಅವನದೂ ಶ್ರೈಬರನದೂ ಸೇರಿ.

ಲೆಕ್ಕ ಹಾಕಿ ನೋಡಿ. ಕಂತಿಗೆ 50 ನಿಮಿಷ ಹಿಡಿದರೂ 82 ಕಂತಿಗೆ 4,100 ನಿಮಿಷ. ಮುಗಿಸಲು ಸಿಕ್ಕಿದ್ದು 100. ನಲವತ್ತೊಂದು ಎಕರೆ ನೆಲಕ್ಕೆ ಒಂದು ಎಕರೆಯ ನೀರು. ಎಡದಂಡೆ ಕಾಲುವೆಯ ಯಾವ ನೀರಗಂಟಿಗೂ ಇಂಥ ಸಂಕಟ ಬರಬಾರದು.

ಸಂಕಟದ ಮೂಲವೂ ಕಾಲುವೆಯದೇ. ಗಂಗಾವತಿ, ಕಾರಟಗಿ, ಸಿಂಧನೂರು ದಾಟುವಷ್ಟರಲ್ಲಿ ಭತ್ತದ ಗದ್ದೆಗಳು ಕುಡಿದು, ದಂಡೆಗುಂಟ ಇಟ್ಟ ಪಂಪ್‌ಸೆಟ್‌ಗಳು ಎತ್ತಿ, ಮಾನ್ವಿ, ಸಿರವಾರದ ಕಡೆ ಹೋಗುವ ಹೊತ್ತಿಗೆ ತೂಬಿನ ಬಾಯಲ್ಲಿ ಕಪ್ಪೆ ಕೂತಿರುತ್ತದೆ. ‘ಕೊನೆ ಭಾಗಕ್ಕೆ ನೀರು’ ಎಂಬ ಮಾತು ಪತ್ರಿಕೆಯ ರಾಯಚೂರು ಪುಟದಲ್ಲಿ ವರ್ಷಕ್ಕೆರಡು ಸಲವಾದರೂ ಅಚ್ಚಾಗುತ್ತದೆ. ಧಾರಾವಾಹಿಯೂ ಹಾಗೇ. ಮೊದಲ ಸೀಸನ್‌ಗಳಲ್ಲಿ ನೀರು ಧಾರಾಳ. ಹೊಸ ಶತ್ರು, ಹೊಸ ಊರು, ಹೊಸ ಪ್ರೇಮ, ಎಲ್ಲದಕ್ಕೂ ತೂಬು ತೆರೆದದ್ದೇ ತೆರೆದದ್ದು. ಕೊನೆಗೆ ಬಂದಾಗ ಗೇಜು, ಅಂದರೆ ಕಾಲುವೆಯ ನೀರಿನ ಮಟ್ಟ, ಇಳಿದಿರುತ್ತದೆ, ಆದರೆ ಮೇಲೆ ಹಚ್ಚಿದ ಪೈರೆಲ್ಲ ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ.

ಎಲ್ಲರಿಗೂ ಒಂದೊಂದು ಬೊಗಸೆ ಹಾಕಿದರೆ ಯಾವ ಪೈರೂ ಉಳಿಯುವುದಿಲ್ಲ. ಮುಗಿಸುವ ಸಿನಿಮಾ ಕೆಡುವುದು ಹೆಚ್ಚಾಗಿ ಇಲ್ಲೇ. ಎಂಟು ಪಾತ್ರಕ್ಕೆ ತಲಾ ಹನ್ನೆರಡು ನಿಮಿಷ ಹಂಚಿದರೆ ಅದು ಸಿನಿಮಾ ಆಗದೆ ಪಂಕ್ತಿ ಊಟ ಆಗುತ್ತದೆ: ಒಬ್ಬನಿಗೆ ಮದುವೆ ಬಡಿಸು, ಇನ್ನೊಬ್ಬನಿಗೆ ಸಾವು ಬಡಿಸು, ಮುಂದಕ್ಕೆ ನಡಿ. ನಮ್ಮ ಕನ್ನಡ ಧಾರಾವಾಹಿಗಳ ಕಡೆಯ ವಾರದ ಮಹಾಸಂಚಿಕೆಯಲ್ಲಿ ಖಳನಾಯಕಿ ಹತ್ತೇ ನಿಮಿಷದಲ್ಲಿ ಪಶ್ಚಾತ್ತಾಪಪಟ್ಟು ಅತ್ತೆಯ ಕಾಲಿಗೆ ಬೀಳುವುದೂ ಇದೇ ಕಾರಣಕ್ಕೆ. ನಟಿಯ ತಪ್ಪಲ್ಲ, ಗೇಜಿನ ತಪ್ಪು.

ಇದಕ್ಕೆ ಪರಿಹಾರವನ್ನು ಕನ್ನಡದವನೊಬ್ಬ ಸಾವಿರ ವರ್ಷದ ಹಿಂದೆಯೇ ಹುಡುಕಿಟ್ಟಿದ್ದಾನೆ. ಹತ್ತನೇ ಶತಮಾನದ ರನ್ನನ ಎದುರಿಗೆ ಇಡೀ ಮಹಾಭಾರತ ಇತ್ತು. ದಾಯಾದಿ ಜಗಳ, ಆಸ್ತಿ, ಮೋಸದ ಜೂಜು, ಕೊಲೆಯ ಮೇಲೆ ಕೊಲೆ. ಅದಕ್ಕಿಂತ ದೊಡ್ಡ ಕ್ರೈಂ ಫ್ಯಾಮಿಲಿ ಇನ್ನಾವುದಿದೆ? ಅವನು ಮೊದಲಿಂದ ಹೇಳಲು ಹೋಗಲಿಲ್ಲ. ಭೀಮ ದುರ್ಯೋಧನರ ಕಡೆಯ ಗದಾಯುದ್ಧ ಒಂದನ್ನೇ ಹಿಡಿದು, ಹತ್ತು ಆಶ್ವಾಸದಲ್ಲಿ ಅಲ್ಲಿಂದಲೇ ಹಿಂದಿನದನ್ನೆಲ್ಲ ತಿರುಗಿ ನೋಡಿದ. ಸಿಂಹಾವಲೋಕನ ಎಂದು ಅದಕ್ಕೆ ಹೆಸರು. ಸಿಂಹ ನಡೆಯುತ್ತ ನಡೆಯುತ್ತ ಕತ್ತು ತಿರುಗಿಸಿ ನೋಡುತ್ತದೆಯೇ ಹೊರತು ಬಂದ ದಾರಿಯಲ್ಲಿ ವಾಪಸು ಓಡುವುದಿಲ್ಲ. (ಕೊಳದಲ್ಲಿ ಅಡಗಿದ ದುರ್ಯೋಧನ ನೀರೊಳಗಿದ್ದೂ ಬೆವೆತ ಎನ್ನುತ್ತಾನೆ ರನ್ನ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಸ್ನಾನ ಮಾಡಿದವರಿಗೆ ಇದರಲ್ಲಿ ಅತಿಶಯೋಕ್ತಿ ಏನೂ ಕಾಣುವುದಿಲ್ಲ.)

‘ರೇ ಡೊನೊವನ್’ ಸಿನಿಮಾ ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ. ರೇ ಎಂಬಾತ ಬಾಸ್ಟನ್ ಕಡೆಯವನು, ದುಡ್ಡಿದ್ದವರು ಮಾಡಿದ ಹೊಲಸನ್ನು ಸದ್ದಿಲ್ಲದೆ ಬಳಿಯುವುದು ಅವನ ಕೆಲಸ. ನಮ್ಮ ಕಡೆಯ ಮಾತಲ್ಲಿ ‘ಸೆಟ್ಲ್‌ಮೆಂಟ್ ಮಾಡೋನು’. ಮೊದಲು ಲಾಸ್ ಏಂಜಲೀಸ್, ಆರನೇ ಸೀಸನ್ನಿನಿಂದ ನ್ಯೂಯಾರ್ಕ್. ಅವನ ಅಪ್ಪ ಮಿಕ್ಕಿ ಇಪ್ಪತ್ತು ವರ್ಷ ಜೈಲಲ್ಲಿದ್ದು ಹೊರಬರುವುದರಿಂದಲೇ ಮೊದಲ ಕಂತು ಏಳುತ್ತದೆ. ಅಪ್ಪ ಮಾಡದ ಕೊಲೆಯನ್ನು ಅವನ ತಲೆಗೆ ಕಟ್ಟಿ ಒಳಗೆ ಕಳಿಸಿದ್ದು ಸ್ವತಃ ಮಗ. ನಡುವೆ 82 ಕಂತುಗಳಲ್ಲಿ ಪಾದ್ರಿ, ಪೊಲೀಸು, ಮೇಯರು, ಮಾಫಿಯಾ ಎಲ್ಲ ಬಂದು ಹೋದರೂ ಅಡಿಪಾಯದ ಕಲ್ಲು ಅದೊಂದೇ. ಸಿನಿಮಾ ಉಳಿದ ತೂಬುಗಳಿಗೆಲ್ಲ ಮಣ್ಣು ಮುಚ್ಚಿ ಅದೊಂದನ್ನೇ ತೆರೆಯಿತು. ಹಳೆಯ ಕೊಲೆ ಹೇಗಾಯಿತು, ಮಗ ಅಪ್ಪನನ್ನು ಹೇಗೆ ಸಿಕ್ಕಿಸಿದ ಎಂಬುದನ್ನು ಹರೆಯದ ರೇ, ಹರೆಯದ ಮಿಕ್ಕಿಗೆ ಬೇರೆ ನಟರನ್ನು ಹಾಕಿ ತೋರಿಸುತ್ತಾರೆ.

ಮುಂದಿನ ಮೂರು ಸಾಲನ್ನು ಸಿನಿಮಾ ನೋಡದವರು ಹಾರಿಸಿಕೊಳ್ಳಬೇಕು. ಮಿಕ್ಕಿ ಸಾಯುವುದು ಮಗನ ಕೈಯಲ್ಲಲ್ಲ, ಮೊಮ್ಮಗಳು ಬ್ರಿಜೆಟ್‌ಳ ಗುಂಡಿಗೆ. ರೇ ಆ ಕೊಲೆಯನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಮಾಡದ ಕೊಲೆಯನ್ನು ಅಪ್ಪನ ಹೆಗಲಿಗೆ ಹೊರಿಸಿ ಶುರುವಾದ ಕಥೆ, ತಾನು ಮಾಡದ ಕೊಲೆಯನ್ನು ಮಗ ಹೊರುವಲ್ಲಿಗೆ ಬಂದು ನಿಂತಿತು. ಉಕ್ಕಿನ ತುಂಡು ತೋಡಿಗೆ ಸರಿಯಾಗಿ ಕೂತ ಸದ್ದು ಇಲ್ಲಿ ಕೇಳಿಸುತ್ತದೆ. ಮಿಕ್ಕಿಯಾದ ಜಾನ್ ವಾಯ್ಟ್ ಮಾತ್ರ ಕಡೆಯ ಗಳಿಗೆಯವರೆಗೂ ನಗಿಸುವುದನ್ನು ಬಿಡುವುದಿಲ್ಲ, ಅದೇ ಹೆಚ್ಚು ಸಂಕಟ ಕೊಡುತ್ತದೆ.

ಎರಡೇ ವರ್ಷದಲ್ಲಿ ಸಿನಿಮಾ ಬಂದದ್ದು ಅವರ ಪುಣ್ಯ. ತಡವಾದಷ್ಟೂ ಮುಖಗಳು ಕೈಕೊಡುತ್ತವೆ. ‘ಬ್ರೇಕಿಂಗ್ ಬ್ಯಾಡ್’ 62 ಕಂತಿಗೆ 2013ರಲ್ಲಿ ಮುಗಿಯಿತು, ಅದರ ಬಾಲದಂತೆ ಬಂದ ಸಿನಿಮಾ ‘ಎಲ್ ಕಮಿನೊ’ 2019ರದು. ಕಥೆ ಶುರುವಾಗುವುದು ಧಾರಾವಾಹಿ ಮುಗಿದ ಅದೇ ರಾತ್ರಿ, ಆದರೆ ನಟರ ಮೈಗೆ ಆರು ವರ್ಷವಾಗಿದೆ. ಹಿನ್ನೋಟದ ದೃಶ್ಯಗಳಲ್ಲಿ ಖಳನೊಬ್ಬ ಒಂದೇ ರಾತ್ರಿಯಲ್ಲಿ ದಪ್ಪಗಾದವನ ಹಾಗೆ ಕಾಣುತ್ತಾನೆ. ಅದು ಬಿಡುಗಡೆಯಾದ ಅಕ್ಟೋಬರ್ 11ರಂದೇ ಅದರಲ್ಲಿ ನಟಿಸಿದ ರಾಬರ್ಟ್ ಫಾರ್ಸ್ಟರ್ ತೀರಿಕೊಂಡ. ಬರ್ಮಿಂಗ್‌ಹ್ಯಾಮಿನ ಶೆಲ್ಬಿ ಮನೆತನದ ‘ಪೀಕಿ ಬ್ಲೈಂಡರ್ಸ್’ನಲ್ಲಿ ಪಾಲಿ ಅತ್ತೆಯಾಗಿದ್ದ ಹೆಲೆನ್ ಮೆಕ್ರೋರಿ 2021ರ ಏಪ್ರಿಲ್‌ನಲ್ಲಿ ಹೋದಳು. ಆರನೇ ಸೀಸನ್ನಿನಲ್ಲಿ ಆ ಪಾತ್ರವನ್ನೂ ಕಳಿಸಿಕೊಡಬೇಕಾಯಿತು. ಮನೆಯ ಹಿರಿಹೆಂಗಸು ಇಲ್ಲದ ಮೇಲೆ ಅಂಥ ಮನೆಯ ಊಟಕ್ಕೆ ಉಪ್ಪು ಎಲ್ಲಿಂದ ಬರಬೇಕು?

ಇನ್ನೊಂದು ತೊಡಕು ಪರಿಚಯದ್ದು. ಹಳೆಯದೇನೂ ನೋಡದವನಿಗೂ ಅರ್ಥವಾಗಬೇಕು, 82 ಕಂತು ನೋಡಿದವನಿಗೆ ಬೇಸರವೂ ಆಗಬಾರದು. ಬಳ್ಳಾರಿ, ಕೊಪ್ಪಳ ಸೀಮೆಯ ದೊಡ್ಡಾಟಕ್ಕೆ ಇದು ಸಮಸ್ಯೆಯೇ ಅಲ್ಲ. ರಂಗದ ಮೇಲೆ ರಾಜ ಕುಣಿದು ಬಂದು ನಿಂತ ಕೂಡಲೇ ಸಾರಥಿ ತಾವು ಯಾರು, ಯಾವ ದೇಶ, ಬಂದ ಕಾರಣವೇನು ಎಂದು ಕೇಳುತ್ತಾನೆ. ನಿನ್ನೆ ರಾತ್ರಿ ಪಕ್ಕದ ಊರಲ್ಲಿ ಇದೇ ರಾಜನನ್ನು ನೋಡಿದವರೂ ಬೇಸರವಿಲ್ಲದೆ ಕೇಳುತ್ತಾರೆ, ಯಾಕೆಂದರೆ ಅವನು ಹೇಳುವ ಗತ್ತೇ ಒಂದು ಆಟ. ಸಿನಿಮಾದಲ್ಲಿ ಸಾರಥಿ ಇಲ್ಲ. ಅದಕ್ಕೇ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ‘ನಿನಗೆ ನೆನಪಿದೆಯಾ, ಅಪ್ಪ ನಮಗೆ ಹೀಗೆ ಮಾಡಿದ್ದ’ ಎಂದು, ಇಬ್ಬರಿಗೂ ಗೊತ್ತಿರುವುದನ್ನೇ ಹೇಳಿಕೊಳ್ಳುತ್ತಾರೆ. ಯಾವ ಊರಿನ ಅಣ್ಣತಮ್ಮಂದಿರು ಹಾಗೆ ಮಾತಾಡುತ್ತಾರೆ?

ಈಗ ಮನೆಯಲ್ಲಿ ಕೂತು ನೋಡುವವರ ಮಾತು. ಎಲ್ಲ 82 ಕಂತು ನೋಡಲು ಪುರುಸೊತ್ತಿಲ್ಲದವರು ಮೊದಲ ಸೀಸನ್ನಿನ ಮೊದಲೆರಡು ಮತ್ತು ಕಡೆಯ ಕಂತು, ಆಮೇಲೆ ಏಳನೆಯದರ ಹತ್ತೂ ಕಂತು ನೋಡಲಿ. ಒಟ್ಟು ಹದಿಮೂರು, ಸುಮಾರು ಹನ್ನೊಂದು ಗಂಟೆ. ನಡುವಿನದರಲ್ಲಿ ತಿಳಿದಿರಬೇಕಾದದ್ದು ಒಂದೇ: ರೇ ಹೆಂಡತಿ ಆಬಿ ಐದನೇ ಸೀಸನ್ನಿನ ಹೊತ್ತಿಗೆ ತೀರಿಹೋಗಿದ್ದಾಳೆ. ಮೊಬೈಲಿನಲ್ಲಿ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ ಸುಮಾರು 1 ಜಿಬಿ ಖರ್ಚು, ಎಚ್‌ಡಿ ಒತ್ತಿದರೆ 3 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವರು ಇಲ್ಲೊಂದು ಗುಣಾಕಾರ ಮಾಡಿಕೊಳ್ಳಬೇಕು. ಒಂದೂವರೆ ಜಿಬಿ ಎಂದರೆ 90 ನಿಮಿಷ, ಸಿನಿಮಾ 100 ನಿಮಿಷ. ಅಂದರೆ ಅಪ್ಪನ ಗತಿ ಏನಾಗುತ್ತದೆ ಎನ್ನುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಚಕ್ರ ತಿರುಗುತ್ತ ನಿಲ್ಲುತ್ತದೆ. ಪ್ಯಾಕು ಹೊಸದಾಗುವುದು ರಾತ್ರಿ ಹನ್ನೆರಡಕ್ಕೆ. ಆದ್ದರಿಂದ ಹತ್ತೂಮುಕ್ಕಾಲಿಗೆ ಶುರು ಮಾಡಿ; ಮೊದಲ 75 ನಿಮಿಷ ಇವತ್ತಿನ ಲೆಕ್ಕಕ್ಕೆ, ಉಳಿದ 25 ನಾಳೆಯದಕ್ಕೆ. ಅಷ್ಟಕ್ಕೂ ಹಗಲಲ್ಲಿ ರೀಲು ನೋಡಿ ಡೇಟಾ ಸುಟ್ಟಿರಬಾರದು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತರುವುದಿದ್ದರೆ ಒಂಬತ್ತರೊಳಗೇ ತಂದು ತಿಂದು ಮುಗಿಸಿ. ಮಂಡಕ್ಕಿ ಹನ್ನೊಂದರ ತನಕ ಕಾದರೆ ಮೆತ್ತಗಾಗುತ್ತದೆ, ಕಥೆ ಸಪ್ಪೆಯಾದದ್ದೋ ತಿಂಡಿ ಸಪ್ಪೆಯಾದದ್ದೋ ತಿಳಿಯುವುದಿಲ್ಲ.

ಹನ್ನೆರಡೂವರೆಯ ಹೊತ್ತಿಗೆ ಹೆಸರುಗಳು ಮೇಲೇರತೊಡಗುತ್ತವೆ. ಇಷ್ಟು ಹೊತ್ತೂ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ ಇದ್ದ ಅಜ್ಜಿ ಆಗ ಎಚ್ಚರವಾಗಿ ಕೇಳುತ್ತಾಳೆ: ‘ಆ ಕೈ ನಡುಗಾಂವ ಹಿರೇ ಮಗ, ಮುಂದ ಏನಾದ್ನಪ?’ ಪಾರ್ಕಿನ್ಸನ್ ಕಾಯಿಲೆಯ ಟೆರ್ರಿ ಅವನು, ಬಾಕ್ಸಿಂಗ್ ಕಲಿಸುವವನು. ‘ಗೊತ್ತಿಲ್ಲಬೇ, ಅಲ್ಲಿಗೆ ನೀರು ಬಿಟ್ಟಿಲ್ಲ’ ಎನ್ನಬೇಕಷ್ಟೆ. ಆಕೆ ಹಾಸಿಗೆ ಸರಿಮಾಡಿಕೊಳ್ಳುತ್ತ, ಹಂಗಾದ್ರ ಇನ್ನೊಂದು ತಗೀತಾರೇಳು ಅನ್ನುತ್ತಾಳೆ.